ಬೆಂಚಕ್ಕನ ಹಾಜರಿ

ಬೆಳಗಿನ ಆರು ಗಂಟೆ. ಕಾಲೇಜಿನ ನೆಲಮಹಡಿಯ ಕೊಠಡಿಯಲ್ಲಿ ಒದ್ದೆ ಬಟ್ಟೆ ಹಿಡಿದ ಹೆಂಗಸೊಬ್ಬರು ಮೂಗು ತಾಗುವಷ್ಟು ಬಾಗಿ ಬೆಂಚುಗಳನ್ನು ನೋಡುತ್ತಿದ್ದಾರೆ. ಪೆನ್ಸಿಲ್ ಸಿಪ್ಪೆ, ಶಾಯಿ ಕಲೆ, ರಬ್ಬರಿನ ಪುಡಿ ಕಂಡರೆ ಮುಖ ಅರಳುತ್ತದೆ. ಮೂರನೇ ಸಾಲಿನಲ್ಲಿ ಕಿಟಕಿ ಪಕ್ಕದ ಜಾಗ ಮಾತ್ರ ನಿನ್ನೆ ಒರೆಸಿಟ್ಟ ಹಾಗೇ ಇದೆ. "ನಾಲ್ಕು ದಿನ ಆಯ್ತು, ಇವಳು ಕೂತಿಲ್ಲ," ಎಂದು ನಿಟ್ಟುಸಿರು ಬಿಡುತ್ತಾರೆ.

ವಿದ್ಯಾರ್ಥಿಗಳ ಬಾಯಲ್ಲಿ ಇವರು ಬೆಂಚಕ್ಕ. ದಿನಕ್ಕೆ ಆರು ಕೊಠಡಿ, ನೂರೈವತ್ತು ಬೆಂಚು. ಇಪ್ಪತ್ತೊಂದು ವರ್ಷದಲ್ಲಿ ಸಿಕ್ಕಿದ್ದು ಮಂಡಿನೋವು, ಬಡ್ತಿಯಲ್ಲ. ಮೊದಲ ವರ್ಷದವರು ಮೊದಲ ವಾರ ಹಿಡಿದ ಜಾಗವನ್ನು ಬಿಟ್ಟುಕೊಡುವುದಿಲ್ಲ. ಕಾರಿಡಾರ್ ಒರೆಸುವಾಗ ಯಾರ ಜಾಗ ಯಾವುದೆಂದು ನೋಡಿಟ್ಟುಕೊಂಡಿರುವ ಇವರಿಗೆ, ಯಾರು ಬರುತ್ತಿಲ್ಲವೆಂಬುದು ಬೆಂಚಿನಿಂದಲೇ ತಿಳಿಯುತ್ತದೆ. ಹಾಜರಿ ಪುಸ್ತಕ ಕಣ್ಣುಬಿಟ್ಟು ಮನೆಗೆ ಪತ್ರ ಬರೆಯುವುದು ತಿಂಗಳ ಕೊನೆಗೆ. ಅಷ್ಟರಲ್ಲಿ ಹಾಸ್ಟೆಲ್ ಕೋಣೆ ಖಾಲಿಯಾಗಿರುತ್ತದೆ.

ಬೆಂಚಕ್ಕ ಅಷ್ಟು ದಿನ ಕಾಯುವವರಲ್ಲ. ಯಾರೋ ಬಿಟ್ಟುಹೋದ ಪೆನ್ನೊಂದನ್ನು ಹಿಡಿದು ಹಾಸ್ಟೆಲಿಗೆ ಹೋಗಿ, ಇದು ನಿನ್ನದಾ ಎಂದು ಕೇಳುತ್ತಾರೆ. ಅಲ್ಲವೆಂದು ಅವರಿಗೂ ಗೊತ್ತು. ಒಮ್ಮೆ ಪೆಚ್ಚಾದದ್ದೂ ಉಂಟು: ಹುಡುಗನೊಬ್ಬನನ್ನು ಹುಡುಕಿಕೊಂಡು ಹೋದರೆ, ಅವನು ಒಂದು ದಿನವೂ ತಪ್ಪಿಸಿರಲಿಲ್ಲ, ತನ್ನ ಬೆಂಚನ್ನು ತಾನೇ ಒರೆಸಿ ಹೋಗುತ್ತಿದ್ದ. "ಅಂಥವರೂ ಇರ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ," ಎಂದು ನಗುತ್ತಾರೆ.

ಆ ನಗು ಮಗಳ ಮಾತು ಬಂದಾಗ ನಿಲ್ಲುತ್ತದೆ. ಬೇರೆ ಊರಿನ ಕಾಲೇಜು ಸೇರಿದವಳು ಮೂರೇ ವಾರಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟಳು. "ಒಂದು ವಾರ ಕ್ಲಾಸಿಗೇ ಹೋಗಿರ್ಲಿಲ್ಲವಂತೆ. ಯಾಕಮ್ಮ ಬರ್ಲಿಲ್ಲ ಅಂತ ಒಂದು ನರಪಿಳ್ಳೆನೂ ಕೇಳಿಲ್ಲ."

ಸಂಜೆ ಅವರ ಹಿಂದೆ, ಅವರ ಬಗ್ಗೆ ಬರೆಯಲು ಬಂದ ನಾನೂ ಹಾಸ್ಟೆಲಿಗೆ ಹೋಗುತ್ತೇನೆ. ಕಿಟಕಿ ಪಕ್ಕದ ಜಾಗದ ಹುಡುಗಿಯ ಸೂಟ್‌ಕೇಸ್ ಆಗಲೇ ಬಾಗಿಲ ಬಳಿ ನಿಂತಿದೆ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಟಿದ್ದಾಳೆ. ಪಾಠ ತಲೆಗೆ ಹತ್ತುತ್ತಿಲ್ಲವಂತೆ, ಮಾತಾಡಿಸುವವರೂ ಇಲ್ಲವಂತೆ. ಪೆನ್ನು ನೋಡಿ ತನ್ನದಲ್ಲ ಎನ್ನುತ್ತಾಳೆ. ಬೆಂಚಕ್ಕ ಅದನ್ನು ಅವಳ ಕೈಯಲ್ಲೇ ಇಡುತ್ತಾರೆ.

"ಹಾಗಾದ್ರೆ ನಿನ್ನ ಪಕ್ಕ ಕೂರೋಳದ್ದಿರಬೇಕು. ನೀನೇ ಕೊಟ್ಟು ಹೋಗು. ಮಧ್ಯಾಹ್ನಕ್ಕೂ ಒಂದು ಬಸ್ಸಿದೆ."

ಮರುದಿನ ಒಂಬತ್ತಕ್ಕೆ ಬೆಂಚಕ್ಕ ಒರೆಸಿದ ಕಾರಿಡಾರನ್ನೇ ಮತ್ತೆ ಒರೆಸುತ್ತಿದ್ದಾರೆ. ಹುಡುಗಿ ಕ್ಲಾಸಿಗೆ ಬರುತ್ತಾಳೆ, ಪಕ್ಕದವಳಿಗೆ ಪೆನ್ನು ಚಾಚುತ್ತಾಳೆ. ಅದು ಅವಳದ್ದೂ ಅಲ್ಲ. ಇಬ್ಬರಿಗೂ ನಗು. ಮಧ್ಯಾಹ್ನದ ಬಸ್ಸು ಹೊರಟ ಮೇಲೂ ಅವಳು ಅಲ್ಲೇ ಕೂತು ಬರೆಯುತ್ತಿದ್ದಾಳೆ, ಅದೇ ಪೆನ್ನಿನಲ್ಲಿ.

ನಿಮಗೇನು ಬೇಕು ಎಂದು ಬೆಂಚಕ್ಕನನ್ನು ಕೇಳುತ್ತೇನೆ.

"ನಾಳೆನೂ ಆ ಬೆಂಚು ಗಲೀಜಾಗಿರ್ಲಿ. ಒರೆಸೋಕೆ ನಾನಿದ್ದೀನಲ್ಲ."