ಕ್ಲಚ್ಚಿನ ಪಕ್ಕದ ಸ್ವಿಚ್ಚು

ಆ ಶುಕ್ರವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಆದೋನಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಬತ್ತಿಗೆ ಎಂದೂ ಬರವಿರಲಿಲ್ಲ. ಅಷ್ಟರಲ್ಲಿ ನಮ್ಮ ಯಜಮಾನರು ಬಂದು, ಅಪ್ಪ ಡ್ರೈವರನ್ನು ಕೆಲಸದಿಂದ ಬಿಡಿಸುತ್ತಾರಂತೆ, ಮಧ್ಯಾಹ್ನದೊಳಗೆ ಕಾರಿನ ಕೀಲಿ ಕೊಟ್ಟು ಹೋಗು ಅಂದರಂತೆ ಎಂದರು.

ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ ಮಾವನವರು ಪೆದ್ದಹರಿವಾಣದಿಂದ ಬರುವಾಗ ಎದುರಿಗೆ ಲಾರಿ ಬಂದಿತ್ತು. ಬೆಳಕು ತಗ್ಗಿಸಲು ಡ್ರೈವರು ಕಾಲಲ್ಲಿ ಸ್ವಿಚ್ಚು ಒತ್ತಿದ್ದೇ ತಡ, ಎರಡೂ ದೀಪ ಆರಿ ಕಾರು ಹೊಲದ ಬದುವಿಗೆ ಏರಿತು. ಯಾರಿಗೂ ಒಂದು ತರಚು ಗಾಯವಾಗಲಿಲ್ಲ. ಶಿವ ಕಾಯ್ದ. ಆದರೆ ಮಾವನವರು, ಆತ ತೂಕಡಿಸಿದ್ದಾನೆ ಎಂದೇ ಹಟ ಹಿಡಿದರು.

ಗಡ್ಡ ನೆರೆತ ಸಾಬರು ಆತ. ನಾನು ಸೊಸೆಯಾಗಿ ಬಂದ ಕಾರನ್ನೂ ಆತನೇ ಓಡಿಸಿದ್ದ. ಆ ವಯಸ್ಸಿನಲ್ಲಿ ಇನ್ನಾರು ಕೆಲಸ ಕೊಟ್ಟಾರು?

ಆತನಿಗೆ ಚಹಾ ಒಯ್ದೆ. ಅಂಗಳದಲ್ಲಿ ಕಾರಿನ ಬಾಗಿಲು ತೆರೆದು, ಕ್ಲಚ್ಚಿನ ಎಡಕ್ಕೆ ನೆಲದಲ್ಲಿರುವ ಆ ಸ್ವಿಚ್ಚನ್ನು ಬಿಚ್ಚಿ ಬಟ್ಟೆಯ ಮೇಲಿಟ್ಟಿದ್ದ. ಹೋಗುವ ಮುಂಚೆ ಗಾಡಿ ಸರಿಮಾಡಿ ಒಪ್ಪಿಸಬೇಕಂತೆ.

“ಬಲ್ಬು ಚಲೋ ಅದಾವ. ವೈರಿಗೆ ವೈರು ಕೂಡಿಸಿದ್ರ ಲೈಟು ಹತ್ತತಾವ. ಸ್ವಿಚ್ಚಿನೊಳಗ ತುಕ್ಕು ತಿಂದೈತಿ, ಅಷ್ಟ,” ಎಂದ.

ತುಕ್ಕಿನ ಸುತ್ತ ಹಳದಿ ಮೆತ್ತಿತ್ತು. ನೋಡಿದೊಡನೆ ನನಗೆ ತಿಳಿಯಿತು. ನಮ್ಮತ್ತೆ ಪ್ರತಿ ಶುಕ್ರವಾರ ಕಾರಿಗೆ ಪೂಜೆ ಮಾಡುವರು. ಕಾಲು ತಾಗುವ ಜಾಗವೇ ಮೊದಲು ಶುದ್ಧವಾಗಬೇಕೆಂದು ಪೆಡಲುಗಳ ಮೇಲೆ ಒಂದು ತಂಬಿಗೆ ಅರಿಶಿಣದ ನೀರು ಸುರಿಯುವರು. ಮಾವನವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅಮ್ಮಾರ ಪೂಜಿಯಿಂದ ಕೆಟ್ಟೈತಿ ಅಂತ ನಾ ಹೆಂಗ ಹೇಳ್ಲಿ, ತಾಯಿ? ಅವರು ನೀರು ಹಾಕೋದು ನಾವು ಸುಖವಾಗಿ ಮನಿ ಮುಟ್ಲಿ ಅಂತ.”

ತಿರುಗಿ ನೋಡಿದರೆ ಅತ್ತೆ ನಿಂತಿದ್ದರು, ಆ ವಾರದ ತಂಬಿಗೆ ಹಿಡಿದು. ಬಗ್ಗಿ ಸ್ವಿಚ್ಚನ್ನು ಹೆಬ್ಬೆರಳಿನಿಂದ ಒರೆಸಿದರು, ಮೂಸಿದರು. ತಂಬಿಗೆಯ ನೀರನ್ನು ಬಿಲ್ವದ ಗಿಡಕ್ಕೆ ಹಾಕಿ ನೇರವಾಗಿ ಮಾವನವರು ಕೂತಿದ್ದ ಪಡಸಾಲೆಗೆ ನಡೆದರು; ನಾನೂ ಹಿಂದೆ ಹೋದೆ. ಅತ್ತೆ ಮಾವನವರಿಗೆ ಎದುರು ಮಾತಾಡಿದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ.

“ದೀಪ ಕೆಡಿಸಿದಾಕಿ ನಾನು. ಬಿಡಿಸೋದಾದ್ರ ನನ್ನ ಬಿಡಿಸ್ರಿ.”

ಮಾವನವರು ಕನ್ನಡಕ ತೆಗೆದು ಅವರ ಹಳದಿ ಬೆರಳನ್ನೇ ನೋಡಿದರು.

“ನಿನ್ನ ಬಿಡಿಸಿದ್ರ ಈ ಮನಿ ಯಾರು ನಡಸ್ತಾರ?” ಎಂದರು. ನನ್ನ ಕಡೆ ತಿರುಗಿದರು: “ಸರೇ, ನಮಾಜು ಮುಗಿಸಿ ಹೊಸ ಸ್ವಿಚ್ಚು ತರಾಕ ಹೇಳವ್ವ. ಕೀಲಿ ಆತನ ಹತ್ರಾನ ಇರ್ಲಿ.”

ಮುಂದಿನ ಶುಕ್ರವಾರದಿಂದ ಅತ್ತೆ ಅದೇ ಅರಿಶಿಣದ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಪೆಡಲು ಒರೆಸುತ್ತಿದ್ದರು. ಡ್ರೈವರು ಬಾಗಿಲು ಹಿಡಿದು ನಿಲ್ಲುತ್ತಿದ್ದ.

ಅವತ್ತು ಮಾವನವರು ಹೇಳಿದೊಡನೆ ನಾನು ಹೋಗಿ ಆತನಿಗೆ ಸುದ್ದಿ ಹೇಳಿದೆ. ಆತ ಆರಿದ ಚಹಾವನ್ನು ಗಟಗಟ ಕುಡಿದ. ಬತ್ತಿಗಳು ಅರ್ಧಕ್ಕೇ ಉಳಿದಿದ್ದವು. ಒಲೆ ಹಚ್ಚುವ ಹೊತ್ತು ಮೀರಿತ್ತು. ಎಸರಿಟ್ಟು, ರೊಟ್ಟಿಗೆ ಜೋಳದ ಹಿಟ್ಟು ಸಾಣಿಸತೊಡಗಿದೆ.