ಎಲೆಯ ಗುಣ ಹೇಳಿದ ಅಕ್ಕೋರು

ಮೊನ್ನೆ ಅಂಕೋಲೆಯ ಔಷಧಿ ಅಂಗಡಿಯಲ್ಲಿ ಹಸಿರು ಪುಡಿಯ ಡಬ್ಬಿಯೊಂದನ್ನು ಕಂಡೆ. ಮೇಲೆ ಕವಳಿ, ಅಂದರೆ ಕರಂಡೆ ಗಿಡದ ಚಿತ್ರ. ಕೆಳಗೆ ದೊಡ್ಡದಾಗಿ ‘ಆ್ಯಂಟಿಆಕ್ಸಿಡೆಂಟ್’ ಎಂದು ಬರೆದಿತ್ತು. ಕೈಗೆತ್ತಿಕೊಂಡವಳು ಹಾಗೇ ಇಟ್ಟುಬಿಟ್ಟೆ. ನಾವು ಕಾರವಾರದ ಬಳಿಯ ಚಿತ್ತಾಕುಲದಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದ ಅಕ್ಕೋರು ನೆನಪಾದರು.

ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಒಂದು ಬೇಸಿಗೆ ಗುಡ್ಡದ ಕವಳಿಯ ಹಣ್ಣು, ಎಲೆ ಎರಡರ ರಸವನ್ನೂ ಪರೀಕ್ಷಿಸಿದರು. ನೇರಳೆ ಬಣ್ಣದ ದ್ರಾವಣಕ್ಕೆ ರಸ ಬಿಟ್ಟರೆ ಬಣ್ಣ ಇಳಿಯಬೇಕು. ಎಷ್ಟು ಇಳಿದರೆ ಅಷ್ಟು ಆ್ಯಂಟಿಆಕ್ಸಿಡೆಂಟ್ ಗುಣ. ಹಣ್ಣಿನದಕ್ಕಿಂತ ಎಲೆಯ ರಸಕ್ಕೇ ಹೆಚ್ಚು ಇಳಿಯಿತಂತೆ. ಅದನ್ನು ಬೇಲಿಯಾಚೆಯಿಂದ ಕರೆದು ಹೇಳಿದಾಗ ಅವರ ಮುಖ ನೋಡಬೇಕಿತ್ತು...

ಮಹಿಳಾ ಮಂಡಳದ ಸಭೆಯಲ್ಲೂ ಅದನ್ನೇ ಹೇಳಿದರು. ಯಾರೋ ಮೊಬೈಲಿನಲ್ಲಿ ಹಿಡಿದು ಊರೂರಿಗೆ ಹಂಚಿದರು. ಮರುವರ್ಷ ಗಿಡ ಹೂ ಬಿಡುವ ಹೊತ್ತಿಗೆ ಹೊರಗಿನವರು ಟೆಂಪೊ ತಂದು, ಹಣಕೋಣದ ಕಡೆಯ ಗುಡ್ಡದಲ್ಲಿ ಕವಳಿಯನ್ನೆಲ್ಲ ಟೊಂಗೆ ಸಮೇತ ಕಡಿದು ಒಯ್ದರು.

ಆ ಬೇಸಿಗೆ ಹಣ್ಣಿಲ್ಲ. ಪ್ರತಿ ವರ್ಷ ನಮ್ಮ ಬಾಗಿಲಿಗೆ ಕವಳಿ ತರುತ್ತಿದ್ದ ಹೆಂಗಸು ಖಾಲಿ ಬುಟ್ಟಿ ಹಿಡಿದು ಅಕ್ಕೋರ ಅಂಗಳಕ್ಕೆ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಎಲಿ ಚಲೋ ಅಂದ್ರಂತೆ ನೀವು. ಹಣ್ಣು ಮಾರೇ ನಾವು ಮಳೆಗಾಲದ ಅಕ್ಕಿ ತರೂದು ಅಕ್ಕೋರೆ. ಗಿಡನೇ ಇಲ್ಲ ಅಂದ್ರೆ ಎಂತ ಮಾಡೂದು?”

ಅವಳು ಹೋದ ಮೇಲೆ ಅಕ್ಕೋರು ಬೇಲಿಯ ಬಳಿಯಿದ್ದ ನನ್ನತ್ತ ನೋಡದೆ, “ಗಿಡ ಕಡೀಬೇಡಿ ಅಂತ ಒಂದು ಮಾತು ಹೇಳ್ಲಿಲ್ಲ ನಾನು. ಹೊಳೀಲೇ ಇಲ್ಲ,” ಎಂದರು.

ಆಮೇಲೆ ಅವರು ಸಂತೆಗೆ ಹೋಗುವುದನ್ನೇ ಬಿಟ್ಟರು. ಕವಳಿ ಮಾರುವ ಹೆಂಗಸರು ಬಸ್ಸಿಗೆ ಕಾಯುವಲ್ಲಿ ತಾವು ನಿಲ್ಲದೆ, ಬಿಸಿಲಲ್ಲಿ ಹಿಂದಿನ ನಿಲ್ದಾಣದವರೆಗೆ ನಡೆದುಹೋಗುತ್ತಿದ್ದರು. ಮಳೆ ಹಿಡಿದಾಗ ಒಬ್ಬರೇ ಗುಡ್ಡ ಹತ್ತಿ ಕವಳಿ ಸಸಿ ನೆಟ್ಟರು. ಯಾರಾದರೂ ಎದುರಾದರೆ ಗುದ್ದಲಿಯನ್ನು ಬೆನ್ನ ಹಿಂದೆ ಮರೆಮಾಡುವರು. ನಾನು ಸಮಾಧಾನ ಹೇಳಹೋದರೆ ಮಾತು ಬದಲಿಸುವರು... ನಾವು ಅಂಕೋಲೆಗೆ ಬಂದೆವು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಈ ಭಾನುವಾರ ಕಾರವಾರದ ಸಂತೆಗೆ ಹೋಗಿದ್ದೆ. ಕವಳಿ ತರುತ್ತಿದ್ದ ಆ ಹೆಂಗಸೇ ನನ್ನ ಗುರುತು ಹಿಡಿದಳು.

“ಅಕ್ಕೋರು ಹ್ಯಾಂಗಿದ್ದಾರೆ? ನಮ್ಮನ್ನ ಕಂಡ್ರೆ ಆಚೆ ಹಾದೀಲಿ ಹೋಗೂರು. ಪಾಪ, ಅವರೇನು ಕಡದ್ರಾ? ಒಂದಿನ ಕರೆದು ಮಾತಾಡ್ಸ್ಬೇಕು ಅಂದ್ಕಂಡೇ ಇದ್ದೆ.”

ಅವರಿಲ್ಲ ಎಂದೆ. ಗಿರಾಕಿಯೊಬ್ಬ ಏನೋ ಕೇಳುತ್ತಿದ್ದ, ಅವಳು ಕೇಳಿಸಿಕೊಂಡಂತಿರಲಿಲ್ಲ.

“ಈಗ ಯಾರನ್ನ ಮಾತಾಡ್ಸೂದು?” ಎಂದಳು.