ಎರಡು ಪುಟದ ಕಾಗದ, ಮೂರು ಸಾಲಿನ ಇಮೇಲ್

"ಇದನ್ನ ಬರ್ದಿದ್ದು ನೀನೇನಾ?"

ಹೋದ ಸೋಮವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಯಲ್ಲಿದ್ದಾಗಲೇ ವಾಟ್ಸಾಪಿನಲ್ಲಿ ಬಂದ ಪ್ರಶ್ನೆ ಇದು. ಕೇಳಿದವಳು ಫಿಲೋಮಿನಾ. ಕಾನ್ವೆಂಟ್ ಬೋರ್ಡಿಂಗಿನಲ್ಲಿ ಏಳು ವರ್ಷ ನನ್ನ ಪಕ್ಕದ ಮಂಚದವಳು. ಪ್ರಶ್ನೆಯ ಕೆಳಗೊಂದು ಫೋಟೋ. ಹಳದಿಗಟ್ಟಿದ ಕಾಗದ, ಮಾಸಿದ ಅಕ್ಷರ. ಹಳೆಯ ಇಮೇಲ್ ಒಂದರ ಪ್ರಿಂಟೌಟ್. ಕಳಿಸಿದವರ ಜಾಗದಲ್ಲಿ ನನ್ನ ಹೆಸರು.

ಮೂರೇ ಸಾಲು. "ಹಸ್ಬೆಂಡ್ ಎಕ್ಸ್‌ಪೈರ್ಡ್ ಮಂಡೇ. ಸೆರಮನೀಸ್ ಓವರ್. ನೀಡ್ ನಾಟ್ ಕಮ್."

ಗಂಡ ಹೋದರು, ಕಾರ್ಯ ಮುಗಿಯಿತು, ನೀನು ಬರಬೇಕಾಗಿಲ್ಲ.

ನಾನು ಹೀಗೆ ಬರೆಯುವವಳೇ? ನೀವೇ ಹೇಳಿ. ಹಾಲು ಉಕ್ಕಿತು ಅನ್ನುವುದಕ್ಕೆ ಎರಡು ಪ್ಯಾರಾ ತೆಗೆದುಕೊಳ್ಳುವ ಹೆಂಗಸು ನಾನು. (ಅನುಮಾನವಿದ್ದರೆ ಸಂಪಾದಕರನ್ನು ಕೇಳಿ.)

ಫಿಲೋಗೂ ನನಗೂ ಮಾತು ನಿಂತು ಇಪ್ಪತ್ತು ವರ್ಷ ದಾಟಿದೆ. ಜಗಳವಾಡಿದ್ದು ಇಲ್ಲ. ನಮ್ಮವರು ತೀರಿಕೊಂಡಾಗ ಅವಳು ಬರಲಿಲ್ಲ, ಅಷ್ಟೇ. ಒಂದು ಸಾಲು ಕೂಡ ಬರೆಯಲಿಲ್ಲ. ನಾನೂ ಬಿಟ್ಟೆ. ಕಳೆದ ತಿಂಗಳು ಯಾರೋ ಪುಣ್ಯಾತ್ಗಿತ್ತಿ ನಮ್ಮ ಬ್ಯಾಚಿನ ಅಜ್ಜಿಯರನ್ನೆಲ್ಲ ಹುಡುಕಿ ಗ್ರೂಪ್ ಮಾಡಿದಳು. ಅಲ್ಲಿ ಫಿಲೋ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕುತ್ತಿದ್ದಳು. ಭಾನುವಾರ ಧೈರ್ಯ ಮಾಡಿ, "ಆಗ ಯಾಕೆ ಬರಲಿಲ್ಲ?" ಅಂತ ಅವಳಿಗೊಬ್ಬಳಿಗೇ ಬರೆದೆ. ಅದಕ್ಕೆ ಉತ್ತರ ಈ ಫೋಟೋ.

ತಕ್ಷಣ ಫೋನ್ ಮಾಡಿದೆ.

"ಫಿಲೋ, ಐ ಸ್ವೇರ್, ಇದು ನನ್ನದಲ್ಲ. ನಾನು ಎರಡು ಪೇಜ್ ಬರೆದಿದ್ದೆ. ಟೈಪ್ ಮಾಡಿದ್ದು ನಂಜುಂಡಪ್ಪನವರು."

"ಯಾವ ನಂಜುಂಡಪ್ಪ? ಅಂದ್ರೆ ಇಷ್ಟು ವರ್ಷ ನಾನು ಯಾವನೋ ನಂಜುಂಡಪ್ಪನ ಮೇಲೆ ಕೋಪ ಮಾಡ್ಕೊಂಡಿದ್ನಾ?"

"ಅವರು ತಂತಿ ಆಫೀಸಿನಲ್ಲಿದ್ದವರು ಕಣೇ..."

"ನೀನು ಸ್ಕೂಲಲ್ಲೂ ಹಿಂಗೇ. ಇಂಕ್ ಚೆಲ್ಲಿದ್ದು ನೀನು, ಹೆಸರು ಹೇಳಿದ್ದು ಬೆಕ್ಕಿಂದು. ಎರಡು ಪೇಜ್ ಬರ್ದೆ ಅಂತೀಯಲ್ಲ, ಪ್ರೂಫ್ ತೋರ್ಸು. ತೋರ್ಸಿದ್ರೆ ಬೇಲೂರಿಗೆ ಬಂದು ಒಂದು ವಾರ ನಿನ್ ತಲೆ ತಿಂತೀನಿ. ಇಲ್ದಿದ್ರೆ ಬಿಡು. ನಂಗೂ ವಯಸ್ಸಾಯ್ತು, ಹಳೇದನ್ನ ಕೆದಕೋಕೆ ತಾಕತ್ತಿಲ್ಲ."

ಫೋನ್ ಇಟ್ಟಳು.

ಈಗ ನಂಜುಂಡಪ್ಪನವರ ವಿಷಯ ಹೇಳಬೇಕು. ಆಗ ನಾವು ಅರಸೀಕೆರೆಯಲ್ಲಿದ್ದೆವು. ಫಿಲೋಳ ಗಂಡ ಮಿಲಿಟರಿಯವರು. ಎರಡು ವರ್ಷಕ್ಕೊಂದು ಊರು, ವಿಳಾಸ ಬರೆದಿಟ್ಟುಕೊಳ್ಳುವುದರೊಳಗೆ ಟ್ರಾನ್ಸ್‌ಫರ್. "ಇಮೇಲ್ ಮಾಡ್ಕೋ, ಆ ಅಡ್ರೆಸ್ ಬದಲಾಗಲ್ಲ" ಅಂದಳು. ಊರಿಗೆ ಇಂಟರ್ನೆಟ್ ಹೊಸದು. ಕೊಬ್ಬರಿ ಮಂಡಿಯ ಹಿಂದಿನ ರೂಮಿನಲ್ಲಿ ನಂಜುಂಡಪ್ಪನವರು ಒಂದು ಕಂಪ್ಯೂಟರ್ ಇಟ್ಟಿದ್ದರು. ತಂತಿ ಇಲಾಖೆಯಲ್ಲಿ ಮೂವತ್ತು ವರ್ಷ, ಪದಕ್ಕಿಷ್ಟು ಕಾಸು ಅಂತ ಎಣಿಸಿ, ಕಟ್ಟಾ ಕಡಾ ಎಂದು ಟೆಲಿಗ್ರಾಂ ಕುಟ್ಟಿ ರಿಟೈರಾದವರು.

ಆ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. (ನಗಬೇಡಿ, ಎಲ್ಲ ಕಡೆ ಹಾಗೇ ಇತ್ತು. ಧೂಳು ತಾಗಿದರೆ ಕಂಪ್ಯೂಟರಿಗೆ ಕಾಯಿಲೆ ಬರುತ್ತದೆ ಅಂತ ಓದಿದವರೂ ನಂಬಿದ್ದೆವು.) ಯಂತ್ರಕ್ಕೆ ಹೂವಿನ ಚಿತ್ತಾರದ ಬಟ್ಟೆಯ ಗವಸು, ಮಾನಿಟರಿನ ನೆತ್ತಿಗೆ ಆಯುಧಪೂಜೆಯ ಕುಂಕುಮ. ಫೋನ್ ಲೈನ್ ಸಿಕ್ಕುವಾಗ ಮೋಡೆಮ್ ಕೀರಲು ದನಿಯಲ್ಲಿ ಕಿರುಚುತ್ತಿತ್ತು. ನಂಜುಂಡಪ್ಪನವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿಸಿಕೊಂಡು, "ಹಾಸನ ಸಿಗ್ತು" ಅನ್ನುತ್ತಿದ್ದರು. ಮತ್ತೆ ಕಿರುಚಿದರೆ, "ಬೆಂಗಳೂರು ಎತ್ಕೊಂಡ್ತು." ನಿಜವಾಗಿ ಗೊತ್ತಾಗುತ್ತಿತ್ತೋ, ನಮ್ಮನ್ನು ಖುಷಿ ಪಡಿಸುತ್ತಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನನಗೆ ಕೀಬೋರ್ಡ್ ಮುಟ್ಟಲು ಭಯ. ಕಾಗದ ಕೈಯಲ್ಲಿ ಬರೆದು ಕೊಟ್ಟು ಬರುತ್ತಿದ್ದೆ, ಅವರು ಟೈಪ್ ಮಾಡಿ ಕಳಿಸುತ್ತಿದ್ದರು. ಫಿಲೋಳ ಉತ್ತರ ಪ್ರಿಂಟ್ ಆಗಿ ಮನೆಗೆ ಬರುತ್ತಿತ್ತು. ಬರಬರುತ್ತ ಅವಳ ಉತ್ತರ ಚಿಕ್ಕದಾಗುತ್ತ ಹೋಯಿತು. ಬ್ಯುಸಿ ಇರಬೇಕು ಅಂದುಕೊಂಡೆ. ಅವಳೂ ನನ್ನ ಬಗ್ಗೆ ಅದನ್ನೇ ಅಂದುಕೊಂಡಿದ್ದಳು ಎಂದು ಈಗ ಹೊಳೆಯುತ್ತಿದೆ. ನಾಲ್ಕು ಪುಟಕ್ಕೆ ನಾಲ್ಕು ಸಾಲು ತಲುಪಿದರೆ ಯಾರು ತಾನೇ ಉದ್ದ ಬರೆಯುತ್ತಾರೆ?

ಬುಧವಾರ ಬೇಲೂರಿನಿಂದ ಬಸ್ ಹತ್ತಿದೆ. ಹಳೇಬೀಡಿನಲ್ಲಿ ಟೂರಿಸ್ಟುಗಳೆಲ್ಲ ಇಳಿದು, ಸೀಟು ಸಿಕ್ಕಿ, ಜಾವಗಲ್ ದಾಟಿ ಅರಸೀಕೆರೆ ತಲುಪಿದಾಗ ಹನ್ನೊಂದೂವರೆ. ಮಂಡಿ ಅಲ್ಲೇ ಇದೆ. ಹಿಂದಿನ ರೂಮು ಈಗ ಜೆರಾಕ್ಸ್ ಅಂಗಡಿ. ನಂಜುಂಡಪ್ಪನವರ ಸೊಸೆ ಶೋಭಾ ನಡೆಸುತ್ತಾಳೆ. ಅವರಿಗೆ ಎಂಬತ್ತು ದಾಟಿದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಂದವರ ಫಾರಂ ತಿದ್ದುತ್ತಾರೆ.

"ಓಹೋ, ಮೇಡಮ್ಮೋರು! ಉದ್ದದ ಕಾಗ್ದದೋರು!" ಗುರುತು ಹಿಡಿದೇ ಬಿಟ್ಟರು.

ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಅವರ ಮುಖದಲ್ಲಿ ಕಂಡದ್ದು ಸಂಕೋಚವಲ್ಲ, ಸಮಾಧಾನ! ತಾವೇ ಮಾಡಿದ ಒಳ್ಳೆಯ ಕೆಲಸ ನೋಡಿದಂತೆ.

"ಇಷ್ಟು ಕತ್ತರಿಸಿದ್ರಾ? ಯಾಕ್ರೀ?" ಅಂದೆ. ದನಿ ಏರಿತ್ತು.

"ನೋಡಿ ಅಮ್ಮಾರೆ, ಸಾವಿನ ಸುದ್ದೀಲಿ ಏನೈತೆ? ಯಾರು, ಯಾವತ್ತು, ಬರ್ಬೇಕೋ ಬ್ಯಾಡ್ವೋ. ಮೂರೇ. ಉದ್ದ ಕಳ್ಸಿದ್ರೆ ನಡುವೆ ಲೈನ್ ಕಟ್ಟಾಗಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗೋದು. ಅದಕ್ಕೇ ಎಲ್ರುದೂ ಸಾರ ತೆಗ್ದು ಕಳಿಸ್ತಿದ್ದೆ. ಒಬ್ರೂ ಕಂಪ್ಲೇಂಟ್ ಮಾಡ್ಲಿಲ್ಲ."

ಎಲ್ಲರದೂ! ಅರಸೀಕೆರೆಯ ಪ್ರೇಮ, ಕೋಪ, ಸಂಬಂಧ ಕೇಳಿದ್ದು, ಕ್ಷಮೆ ಬೇಡಿದ್ದು ಎಲ್ಲ ಈ ಮನುಷ್ಯನ ಕೈಯಲ್ಲಿ ಮೂರು ಮೂರು ಸಾಲಾಗಿ ಹೊರಟಿದ್ದವೇ? ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನನ್ನ ಎರಡು ಪೇಜ್ ಏನಾಯ್ತು?"

"ಐತಲ್ಲ. ಮೂಲ ಪ್ರತಿ ನಾಶ ಮಾಡ್ಬೇಕಂದ್ರೆ ಮೇಲಿಂದ ಆರ್ಡರ್ ಬರ್ಬೇಕು."

"ಅಂಗಡಿ ನಿಮ್ದೇ ಅಲ್ವಾ? ಆರ್ಡರ್ ಕೊಡೋರು ಯಾರು?"

"ಅದೇ ಮತ್ತೆ. ಯಾರೂ ಕೊಡ್ಲಿಲ್ಲ."

ಶೋಭಾ ಅಟ್ಟದಿಂದ ಗೋಣಿಚೀಲ ಇಳಿಸಿದಳು. ವರ್ಷದ ಪ್ರಕಾರ ಕಂತೆ, ಪ್ರತಿ ಕಂತೆಗೂ ದಾರ. ನನ್ನ ಕಾಗದ ಹತ್ತೇ ನಿಮಿಷಕ್ಕೆ ಸಿಕ್ಕಿತು. ಎರಡು ಪುಟ, ಕಾನ್ವೆಂಟ್ ಕರ್ಸಿವ್, ನೀಲಿ ಇಂಕು. ಅದರ ಮೇಲೆಲ್ಲ ಕೆಂಪು ಪೆನ್ಸಿಲಿನ ಗೀಟು. ಆಸ್ಪತ್ರೆಯ ಕೊನೆಯ ವಾರ, ನಮ್ಮವರು ಕೇಳಿದ ನಿಂಬೆಹಣ್ಣಿನ ಪಾನಕ, ಮನೆಯಲ್ಲಿ ರೇಡಿಯೋ ಹಚ್ಚಲಾಗದ ನನ್ನ ಸಂಕಟ, ಎಲ್ಲದರ ಮೇಲೂ ಕೆಂಪು. ಗೆದ್ದೆ ಅಂದುಕೊಂಡೆ. ಪ್ರೂಫ್!

ಕೊನೆಯ ಸಾಲುಗಳಿಗೆ ಬಂದೆ. "ಫಿಲೋ, ನೀನು ಬರಬೇಕಾಗಿಲ್ಲ." ಅದು ನನ್ನದೇ ಅಕ್ಷರ. ಅದರ ಮುಂದೆ: "ಆದರೆ ಬಂದುಬಿಡೇ. ಬೇರೆ ಯಾರ ಮುಂದೆಯೂ ನನಗೆ ಅಳಲು ಬರುವುದಿಲ್ಲ." ನನ್ನ ನೆನಪಿನಲ್ಲಿ ಕಾಗದ ಮುಗಿದದ್ದು ಈ ಮಾತಿನಲ್ಲೇ. ಆದರೆ ಅದರ ಮೇಲೆ ಗೀಟು ಇತ್ತು. ಒಂದಲ್ಲ, ಎರಡು.

"ಇದನ್ನೂ ಹೊಡೆದು ಹಾಕಿದ್ರಾ?"

ನಂಜುಂಡಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದರು. "ಕೆಂಪು ಗೀಟು ನಂದು ಅಮ್ಮಾರೆ. ಇದು ನೀಲಿ. ನಿಮ್ದು."

ನೀಲಿಯೇ. ಅದೇ ಇಂಕು, ಅದೇ ಪೆನ್ನು.

ಯಾವಾಗ ಹೊಡೆದೆ? ಯಾಕೆ ಹೊಡೆದೆ? ಬೇರೆಯವರಿಗೆ ತೊಂದರೆ ಕೊಡಬಾರದು, ಇಂಪೋಸ್ ಮಾಡಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಕೈಗೆ ಅಷ್ಟು ಅಂಟಿತ್ತೇ? ಅಷ್ಟು ವರ್ಷ "ಬಂದುಬಿಡೇ ಅಂದರೂ ಬರಲಿಲ್ಲ" ಎಂದು ಅವಳ ಮೇಲೆ ಮುನಿಸಿಕೊಂಡಿದ್ದೆನಲ್ಲ, ಹಾಗೆ ನಾನು ಅಂದೇ ಇರಲಿಲ್ಲವೇ? ಅಂದಿದ್ದೆ. ಹೊಡೆದೂ ಹಾಕಿದ್ದೆ. ಹಾಗಾದರೆ ಅಂದ ಹಾಗೋ, ಅನ್ನದ ಹಾಗೋ?

ಶೋಭಾ ಬಗ್ಗಿ ನೋಡಿದಳು. ಚುರುಕು ಹೆಣ್ಣು. ಎಲ್ಲ ಅರ್ಥವಾಗಿತ್ತು.

"ಆಂಟಿ, ಅಷ್ಟಕ್ಕೆಲ್ಲ ಯಾಕೆ ಟೆನ್ಶನ್? ಸ್ಕ್ಯಾನ್ ಮಾಡಿ ಗೀಟು ಅಳಿಸ್ಬಿಡ್ತೀನಿ. ಆ್ಯಪ್ ಐತೆ. ಎರಡೇ ನಿಮಿಷ. ಆ ಸಾಲು ಕ್ಲೀನಾಗಿ ಕಾಣ್ಸುತ್ತೆ, ತಪ್ಪೆಲ್ಲ ಮಾವನ ತಲೆಗೆ ಹೋಗುತ್ತೆ. ಏನ್ ಮಾವ, ಓಕೆನಾ?"

ಸುಳ್ಳು ಹೇಳುವುದಿಲ್ಲ, ಬಾಯಿಗೆ "ಹೂಂ" ಬಂದಿತ್ತು. ಆ ಸಾಲು ನನ್ನದೇ ಅಲ್ಲವೇ? ನಿಜವೂ ಅಲ್ಲವೇ? ಗೀಟು ಹೋದರೆ ಫಿಲೋ ಬರುತ್ತಾಳೆ. ಗೀಟು ಉಳಿದರೆ ಅವಳ ಆ ಫೋಟೋವೇ ಸರಿ, ಬರಬೇಡ ಅಂದವಳು ನಾನೇ.

"ಹಂಗೆಲ್ಲ ಮಾಡಂಗಿಲ್ಲ," ನಂಜುಂಡಪ್ಪನವರು ಗದರಿದರು. "ಕಳ್ಸೋರು ಹೊಡ್ದು ಹಾಕಿದ್ದನ್ನ ನಾವು ಕಳ್ಸೋ ಹಂಗಿಲ್ಲ. ರೂಲ್ಸು."

"ನೀವ್ ಅಷ್ಟೆಲ್ಲ ಕತ್ತರಿಸಿ ಈಗ ರೂಲ್ಸ್ ಹೇಳ್ತೀರಾ ಮಾವ!"

"ಕತ್ತರ್ಸಿದೀನಿ. ಒಂದ್ ಪದ ಸೇರ್ಸಿಲ್ಲ."

ಎರಡು ಪುಟವನ್ನು ತಿನ್ನುವ ಪ್ರಾಮಾಣಿಕತೆ, ಒಂದು ಗೀಟನ್ನು ಮುಟ್ಟದ ಪ್ರಾಮಾಣಿಕತೆ. ಎರಡೂ ಒಬ್ಬರದೇ. ಕೋಪ ಮಾಡಿಕೊಳ್ಳಲು ಹೋಗಿದ್ದ ನಾನು ಕಾಗದ ಹಿಡಿದು ಪೆದ್ದಿಯಂತೆ ನಿಂತಿದ್ದೆ.

ಎರಡೂ ಪುಟದ ಫೋಟೋ ನಾನೇ ತೆಗೆದೆ. ಕೆಂಪು, ನೀಲಿ ಎಲ್ಲ ಇದ್ದ ಹಾಗೇ. "ಕೆಂಪು ಅವರದು, ನೀಲಿ ನನ್ನದು" ಎಂದಷ್ಟೇ ಬರೆದು ಫಿಲೋಗೆ ಕಳಿಸಿ ವಾಪಸ್ ಬಸ್ ಹತ್ತಿದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?

ಜಾವಗಲ್ಲಿನಲ್ಲಿ ಎರಡು ಟಿಕ್ ನೀಲಿಯಾದವು. ಓದಿದ್ದಳು. ಅವಳ ಹೆಸರಿನ ಕೆಳಗೆ "ಟೈಪಿಂಗ್" ಅಂತ ಬಂತು. ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರ್ಗಾದ್ರೂ ಹುಷಾರಿಲ್ವೇನಮ್ಮಾ?" ಅಂತ ಕೇಳಿದಳು. ತಲೆ ಅಲ್ಲಾಡಿಸಿದೆ. ಹೌದು ಅಂದೆನೋ, ಇಲ್ಲ ಅಂದೆನೋ. ಹೊಲ, ತೆಂಗಿನ ತೋಟ, ಕೆರೆ ಏರಿ ಎಲ್ಲ ಹಿಂದೆ ಹೋದವು. ಟೈಪಿಂಗ್ ಮಾತ್ರ ಮುಗಿಯಲಿಲ್ಲ.

ಹಳೇಬೀಡಿನ ಸ್ಟಾಪಿನಲ್ಲಿ ಬಸ್ ನಿಂತಾಗ ಉತ್ತರ ಬಂತು. "ಅರಸೀಕೆರೆ ಸ್ಟೇಷನ್ನಿಂದ ಬೇಲೂರಿಗೆ ಕೊನೇ ಬಸ್ ಎಷ್ಟೊತ್ತಿಗೆ?"

ಬರುತ್ತಾಳೆ. ಖುಷಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಆದರೂ ಮನಸ್ಸಿಗೆ ಸಮಾಧಾನವಿಲ್ಲ. ನಾನು ಹೊಡೆದು ಹಾಕಿದ್ದಕ್ಕೆ ಒಂದು ಗೀಟಾದರೂ ಉಳಿದಿತ್ತು. ಜಾವಗಲ್ಲಿನಿಂದ ಹಳೇಬೀಡಿನವರೆಗೂ ಫಿಲೋ ಟೈಪ್ ಮಾಡಿ ಮಾಡಿ ಅಳಿಸಿದಳಲ್ಲ, ಅದನ್ನು ನಾನು ಯಾರ ಅಂಗಡಿಗೆ ಹೋಗಿ ಕೇಳಲಿ?